ಹೊಳೆಯ ದಂಡೆಯಲ್ಲಿ ಎರಡು ದಿನ

(ಕಲಘಟಗಿ ತಾಲ್ಲೂಕಿನ ಮಿಶ್ರಿಕೋಟಿಯಲ್ಲಿ, ಬೇಡ್ತಿ ದಂಡೆಯ ನಿಸರ್ಗ ಶಿಬಿರಕ್ಕೆ ಹೊರಟ ವಿದ್ಯಾರ್ಥಿಗಳು ಹಾಗೂ ಗ್ರಾಮಸ್ಥರ ಮುಂದೆ ಮಾಡಿದ ಭಾಷಣದ ಬರಹರೂಪ)



ನಾವು ಯಲ್ಲಾಪುರ, ಶಿರಸಿ ಸೀಮೆಯ ಗುಡ್ಡಗಾಡಿನಿಂದ ಬಂದವರು. ಮಲೆನಾಡಿನವರು ಬಯಲುಸೀಮೆಗೆ ಬಂದು ಪರಿಸರದ ಪಾಠ ಹೇಳುವುದು ಒಂದು ಚಾಳಿಯಾಗಿಬಿಟ್ಟಿದೆ. ಕಾಡು ನಮ್ಮಲ್ಲಿದೆ, ಮಳೆ ನಮ್ಮಲ್ಲಿ ಹುಟ್ಟುತ್ತದೆ, ನದಿಗಳು ನಮ್ಮಿಂದ ನಿಮ್ಮೆಡೆಗೆ ಇಳಿದು ಬರುತ್ತವೆ ಎಂಬ ಜಂಬ ನಮ್ಮಲ್ಲಿ ಕೊಂಚ ಇದ್ದೇ ಇದೆ. ತುಂಗಭದ್ರೆ, ವರದೆ, ಮಲಪ್ರಭೆಯರ ಮಟ್ಟಿಗೆ ಅದು ನಿಜವೂ ಹೌದು. ಆದರೆ ಇವತ್ತು ನಾನು ಮಾತನಾಡಬೇಕಾಗಿರುವ ಹೊಳೆ ಆ ಜಂಬವನ್ನು ಮುರಿಯುತ್ತದೆ. ಬೇಡ್ತಿಯ ವಿಚಾರದಲ್ಲಿ ಮೇಲ್ದಂಡೆಯವರು ನೀವು, ಕೆಳದಂಡೆಯವರು ನಾವು.

ಧಾರವಾಡದ ಸೋಮೇಶ್ವರ ಗುಡಿಯ ಬಳಿ ಶಾಲ್ಮಲೆ ಹುಟ್ಟುತ್ತಾಳೆ. ಹುಬ್ಬಳ್ಳಿಯ ಕಡೆಯಿಂದ ಬೇಡ್ತಿ ಹಳ್ಳ ಬರುತ್ತದೆ. ಇವೆರಡೂ ನಿಮ್ಮ ಕಲಘಟಗಿಯ ಸಮೀಪ ಕೂಡಿಕೊಂಡು, ಅಲ್ಲಿಂದ ನೈಋತ್ಯಕ್ಕೆ ತಿರುಗಿ ಯಲ್ಲಾಪುರದ ಕಾಡನ್ನು ಹೊಕ್ಕು, ಮಾಗೋಡಿನಲ್ಲಿ ಸುಮಾರು 200 ಮೀಟರ್ ಆಳಕ್ಕೆ ಧುಮುಕುತ್ತವೆ. ಮುಂದೆ ಶಿರಸಿಯ ಕಡೆಯಿಂದ ಬರುವ ಇನ್ನೊಂದು ಶಾಲ್ಮಲೆಯೂ ಇದೇ ಹೊಳೆಯನ್ನು ಸೇರುತ್ತಾಳೆ. ಸಹಸ್ರಲಿಂಗದಲ್ಲಿ ಬಂಡೆಗಳ ನಡುವೆ ಹರಿಯುವವಳು ಅವಳು. ಹೆಸರು ಒಂದೇ ಆದರೂ ಹೊಳೆಗಳು ಎರಡು ಎಂಬುದನ್ನು ವಿದ್ಯಾರ್ಥಿಗಳು ಗುರುತು ಹಾಕಿಕೊಳ್ಳಬೇಕು. ಘಟ್ಟ ಇಳಿದ ಮೇಲೆ ಬೇಡ್ತಿಗೆ ಗಂಗಾವಳಿ ಎಂಬ ಹೆಸರು. ಅಂಕೋಲೆಯ ಸೀಮೆಯಲ್ಲಿ ಹಾಲಕ್ಕಿ ಒಕ್ಕಲಿಗರ ತರಕಾರಿ ಹೊಲಗಳ ಬದಿಗೆ ಹರಿದು, ಮಂಜುಗುಣಿಯ ಬಳಿ ಅದು ಅರಬ್ಬೀ ಸಮುದ್ರವನ್ನು ಸೇರುತ್ತದೆ. ಒಟ್ಟು ಹಾದಿ ಸುಮಾರು 150 ಕಿಲೋಮೀಟರ್. ಬೆಳವಲದ ಅಂಚಿನಲ್ಲಿ ಹುಟ್ಟಿ, ಮಲೆನಾಡನ್ನು ಹಾದು, ಕರಾವಳಿಯಲ್ಲಿ ಮುಗಿಯುವ ಹೊಳೆಗಳು ನಮ್ಮಲ್ಲಿ ಅಪರೂಪ.

ಆದ್ದರಿಂದ ನಾನು ಇಲ್ಲಿ ಉಪದೇಶ ಮಾಡಲು ನಿಂತಿಲ್ಲ. ಕೆಳದಂಡೆಯ ಮನೆಯವನು ಮೇಲ್ದಂಡೆಯ ಮನೆಗೆ ಬಂದು ಆಡುವ ನಾಲ್ಕು ಮಾತು ಎಂದು ತಾವು ಇದನ್ನು ಕೇಳಬೇಕು.

ಈ ದಿನಗಳ ಸೊಗಸು

ಶಿವರಾತ್ರಿ ಕಳೆಯಿತು. ಶಿವರಾತ್ರಿಗೆ ಚಳಿ ಶಿವ ಶಿವ ಎಂದು ಓಡಿಹೋಗುತ್ತದೆ ಎನ್ನುವುದು ನಮ್ಮ ಹಿರಿಯರ ಮಾತು. ಹೋಳಿ ಹುಣ್ಣಿಮೆ ಇನ್ನೂ ಬರಬೇಕಾಗಿದೆ. ಪಂಚಾಂಗದಲ್ಲಿ ಇದು ಶಿಶಿರವೇ ಆದರೂ ಮರಗಳು ಆಗಲೇ ವಸಂತದ ಲೆಕ್ಕ ಹಿಡಿದಿವೆ. ಬಯಲಿನಲ್ಲಿ ಮಲಗಲು ವರ್ಷದಲ್ಲಿ ಇದಕ್ಕಿಂತ ಒಳ್ಳೆಯ ಹದಿನೈದು ದಿನ ಸಿಗಲಾರವು. ಮಳೆಯ ಭಯವಿಲ್ಲ, ಕೊರೆಯುವ ಚಳಿಯಿಲ್ಲ, ಬಿಸಿಲು ಇನ್ನೂ ಸುಡುವಷ್ಟು ಬಲಿತಿಲ್ಲ.

ನಾಳೆ ನೀವು ಮೊದಲು ಕಾಣುವುದು ಮುತ್ತಲ ಮರವನ್ನು. ಮೈಮೇಲೆ ಒಂದು ಎಲೆಯೂ ಇಲ್ಲದೆ, ತುದಿಯಿಂದ ಬುಡದವರೆಗೆ ಕೆಂಡದ ಬಣ್ಣದ ಹೂ ಹೊತ್ತು ನಿಂತಿರುತ್ತದೆ. ಈ ಮರದ ಎಲೆಯಲ್ಲಿ ನಾವು ಊಟ ಮಾಡಿದ್ದೇವೆ. ಇದರ ಹೂ ಕುದಿಸಿ ಓಕುಳಿ ಮಾಡಿದ್ದೇವೆ. ಸ್ವಲ್ಪ ಹೊತ್ತು ಅದರ ಬುಡದಲ್ಲಿ ಕುಳಿತುಕೊಳ್ಳಿರಿ. ಕಾಜಾಣ, ಗೊರವಂಕ, ಗಿಳಿ, ಸೂರಕ್ಕಿಗಳು ಒಂದರ ಹಿಂದೆ ಒಂದು ಬಂದು ಹೂವಿನ ಮಧು ಹೀರಿ, ಹಣೆಗೆ ಪರಾಗ ಮೆತ್ತಿಕೊಂಡು ಹೋಗುವುದು ಕಾಣುತ್ತದೆ. ಎಲೆ ಇಲ್ಲದ ಕಾಲದಲ್ಲಿಯೇ ಹೂ ಬಿಡುವುದರ ಗುಟ್ಟು ಅಲ್ಲಿಯೇ ತಿಳಿಯುತ್ತದೆ. ಮರೆ ಇಲ್ಲದ ಹೂವನ್ನು ಹಕ್ಕಿ ದೂರದಿಂದಲೇ ಕಾಣಬಲ್ಲದು. ಬೂರುಗವೂ ಹಾಲವಾಣವೂ ಇದೇ ಜಾಣ್ಮೆಯನ್ನು ತೋರುತ್ತವೆ.

ಮುತ್ತಲ ಹೂವಿಗೆ ದೂರದ ಅತಿಥಿಗಳೂ ಬರುತ್ತಾರೆ. ಗುಲಾಬಿ ಕಬ್ಬಕ್ಕಿಗಳ ಹಿಂಡು ಮಧ್ಯ ಏಷ್ಯಾದ ಹುಲ್ಲುಗಾವಲಿನಿಂದ ಚಳಿಗಾಲ ಕಳೆಯಲು ನಮ್ಮ ಜೋಳದ ಹೊಲಗಳಿಗೆ ಇಳಿದು, ಏಪ್ರಿಲ್ ಹೊತ್ತಿಗೆ ಹಿಂದಿರುಗುತ್ತದೆ. ನೆರೆಯ ಗದಗ ಜಿಲ್ಲೆಯ ಮಾಗಡಿ ಕೆರೆಗೆ ಹಿಮಾಲಯವನ್ನು ದಾಟಿ ಬರುವ ಪಟ್ಟೆತಲೆ ಹೆಬ್ಬಾತುಗಳೂ ಈ ದಿನಗಳಲ್ಲಿಯೇ ಮರಳುವ ತಯಾರಿಯಲ್ಲಿರುತ್ತವೆ. ಆ ಕೆರೆ 2024ರಲ್ಲಿ ರಾಮ್ಸಾರ್ ಪಟ್ಟಿಗೆ ಸೇರಿ ಜಗತ್ತಿನ ಮಹತ್ವದ ಜೌಗುಪ್ರದೇಶಗಳಲ್ಲಿ ಒಂದೆನಿಸಿತು. ಅದನ್ನು ಕಾಪಾಡಿದವರಲ್ಲಿ ಹಕ್ಕಿಗಳಿಗೆ ತೊಂದರೆ ಕೊಡದೆ ಬಾಳಿದ ಆ ಊರಿನ ರೈತರೂ ಇದ್ದಾರೆ. ಅವರಿಗೆ ಹೆಬ್ಬಾತು ವರ್ಷವರ್ಷವೂ ಬರುವ ಬೀಗರಿದ್ದಂತೆ.

ನೀರಿನ ಅಂಚಿನಲ್ಲಿ ಹೊಳೆಮತ್ತಿ, ಹೊಂಗೆ, ನೇರಳೆಗಳಿವೆ. ಗುಡ್ಡದ ತೇಗ ಬರಿದಾಗಿದ್ದರೂ ಇವು ಹಸುರಾಗಿಯೇ ಇರುತ್ತವೆ. ಬೇರಿಗೆ ಹೊಳೆಯ ತೇವ ಸಿಗುವುದೇ ಅದಕ್ಕೆ ಕಾರಣ. ಮಿಂಚುಳ್ಳಿ ಒಂದೇ ಟೊಂಗೆಯ ಮೇಲೆ ಕಾದು ಕೂತಿರುತ್ತದೆ. ಬೆಳಗ್ಗೆ ಕುಟ್ರುಹಕ್ಕಿ ಕೂಗಲು ಶುರುಮಾಡಿದರೆ ನಿಲ್ಲಿಸುವುದೇ ಇಲ್ಲ. ಕತ್ತಲಾದ ಮೇಲೆ ಕಣ್ಣು ಮೇಲಕ್ಕೆತ್ತಿರಿ. ಮಹಾವ್ಯಾಧನೂ ಅವನ ಹಿಂದೆ ಉಜ್ವಲವಾದ ಲುಬ್ಧಕವೂ ಎತ್ತರದಲ್ಲಿರುತ್ತವೆ. ಕೃತ್ತಿಕೆಯ ಗೊಂಚಲು ಪಡುವಣಕ್ಕೆ ಇಳಿಯುತ್ತಿರುತ್ತದೆ. ರಾತ್ರಿ ಬಲಿತಂತೆ ಈಶಾನ್ಯದಲ್ಲಿ ಸಪ್ತರ್ಷಿಗಳು ಏರುತ್ತಾರೆ. ಹುಬ್ಬಳ್ಳಿಯ ಬೆಳಕಿನ ಮಬ್ಬು ಒಂದು ಕಡೆ ಕಾಣಿಸಿದರೂ ಆಕಾಶ ನಿಮಗೆ ಸಾಲುವಷ್ಟು ಇದ್ದೇ ಇರುತ್ತದೆ.

ಇವನ್ನೆಲ್ಲ ನೋಡಿ ಸಂತೋಷಪಡಿರಿ. ಪರಿಸರದ ಕೆಲಸವೆಂದರೆ ಸದಾ ಕಳವಳಪಡುವುದು ಎಂದು ತಿಳಿದವರಿದ್ದಾರೆ. ಅದು ಹಾಗಲ್ಲ. ಸಂತೋಷ ಕಾಣದ ಜಾಗದ ಬಗ್ಗೆ ಯಾರಿಗೂ ಅಕ್ಕರೆ ಹುಟ್ಟುವುದಿಲ್ಲ.

ಬಯಲಲ್ಲಿ ಬೀಡುಬಿಡುವುದು ಹೊಸದಲ್ಲ

ಶಿಬಿರ, ಟೆಂಟು, ಕ್ಯಾಂಪು ಎಂಬ ಮಾತು ಕೇಳಿ, ಇದು ಪಟ್ಟಣದವರ ಶೋಕಿ ಎಂದು ಕೆಲವು ಹಿರಿಯರಿಗೆ ಅನಿಸಿರಬಹುದು. ಕುಶಾಲನಗರದ ಬಳಿ ಕಾವೇರಿ ನಿಸರ್ಗಧಾಮವಿದೆ. ನದಿಯ ನಡುಗಡ್ಡೆಗೆ ತೂಗುಸೇತುವೆಯ ಮೇಲೆ ದಾಟಿ, ಬಿದಿರು ಮೆಳೆಗಳ ನಡುವೆ ತಿರುಗಾಡಬಹುದು. ದಾಂಡೇಲಿಯ ಕಾಳಿ ದಂಡೆಯಲ್ಲಿ ಈಗ ಸಾಲು ಸಾಲು ವಸತಿಗೃಹಗಳಿವೆ. ಅಲ್ಲಿಗೆ ಹೋಗಲು ಟಿಕೆಟ್ಟು, ವಾಹನ, ಹಣ ಎಲ್ಲವೂ ಬೇಕು. ಆದರೆ ನಾಳೆ ನೀವು ಹೋಗುವಲ್ಲಿ ಗೇಟಿಲ್ಲ, ದೀಪದ ಕಂಬವಿಲ್ಲ. ಊರಿನ ರೈತರೊಬ್ಬರು ಒಪ್ಪಿ ಬಿಟ್ಟುಕೊಟ್ಟ ಹೊಳೆಬದಿಯ ಕೊಯ್ಲಾದ ಹೊಲ ಅದು.

ಇಂತಹ ಜಾಗದಲ್ಲಿ ಕೂಡಿ ಉಣ್ಣುವುದನ್ನು ನಿಮಗೆ ಯಾರೂ ಹೊರಗಿನಿಂದ ಕಲಿಸಬೇಕಾಗಿಲ್ಲ. ಶೀಗಿ ಹುಣ್ಣಿಮೆಗೂ ಎಳ್ಳಮಾವಾಸ್ಯೆಗೂ ಮನೆಮಂದಿಯೆಲ್ಲ ಚಕ್ಕಡಿ ಹೂಡಿ ಹೊಲಕ್ಕೆ ಹೋಗಿ, ಭೂತಾಯಿಗೆ ಚರಗ ಚೆಲ್ಲಿ, ಗಿಡದ ನೆರಳಿನಲ್ಲಿ ಬುತ್ತಿ ಬಿಚ್ಚಿದವರು ನೀವು. ಉಣ್ಣುವ ಮೊದಲು ನೆಲಕ್ಕೆ ಕೊಡುವುದು ಆ ಹಬ್ಬದ ಕ್ರಮ.

ಇನ್ನೂ ದೊಡ್ಡ ಗುರುಗಳಿದ್ದಾರೆ. ವರ್ಷದ ಹೆಚ್ಚಿನ ದಿನ ಬಯಲಲ್ಲೇ ಮಲಗುವ ಕುರಿಗಾರರನ್ನು ನೀವೆಲ್ಲ ಬಲ್ಲಿರಿ. ಸುಗ್ಗಿ ಮುಗಿದ ಹೊಲಗಳಲ್ಲಿ ಕುರಿ ನಿಲ್ಲಿಸಲು ರೈತರೇ ಅವರನ್ನು ಕರೆಯುತ್ತಾರೆ, ಕಾಳನ್ನೋ ಹಣವನ್ನೋ ಕೊಡುತ್ತಾರೆ. ಏಕೆಂದರೆ ಹಿಂಡು ನಾಲ್ಕು ರಾತ್ರಿ ಮಲಗಿ ಎದ್ದ ಹೊಲಕ್ಕೆ ಹಿಕ್ಕೆ, ಗಂಜಳಗಳ ಗೊಬ್ಬರ ಸಿಗುತ್ತದೆ. ಮುಂದಿನ ಬೆಳೆಯಲ್ಲಿ ಅದು ಎದ್ದು ಕಾಣುತ್ತದೆ. ಬಂದಾಗ ಇದ್ದುದಕ್ಕಿಂತ ನೆಲ ಚೆನ್ನಾಗಿರುವಂತೆ ಮಾಡಿ ಹೋಗುವುದು ಅವರ ಬೀಡಿನ ರೀತಿ. ಪ್ಲಾಸ್ಟಿಕ್ ತಟ್ಟೆ, ಬಾಟಲಿಗಳನ್ನು ಬಿಟ್ಟೇಳುವ ಪ್ರವಾಸಿಯನ್ನೂ ಕುರಿಗಾರನನ್ನೂ ಅಕ್ಕಪಕ್ಕ ನಿಲ್ಲಿಸಿ ನೋಡಿದರೆ ಬಯಲಲ್ಲಿ ಬಾಳುವ ನಾಗರಿಕತೆ ಯಾರಲ್ಲಿದೆ ಎಂಬುದು ತಿಳಿಯುತ್ತದೆ.

ಹೊಳೆ ಬಡವಾಗಿರುವ ಕಾಲ

ಈಗ ಸ್ವಲ್ಪ ಕಠಿಣವಾದ ಮಾತು. ನಮಗೆ ಹೊಳೆಯ ದಂಡೆ ಬಹಳ ಹಿತವೆನಿಸುವ ಈ ಕಾಲದಲ್ಲಿಯೇ ಹೊಳೆ ಅತಿ ಬಡವಾಗಿರುತ್ತದೆ. ಮಳೆ ನಿಂತು ನಾಲ್ಕು ತಿಂಗಳಾದವು. ಈಗ ಹರಿಯುತ್ತಿರುವುದು ನೆಲದಿಂದ ಜಿನುಗಿದ ನೀರು, ಊರುಗಳಿಂದ ಬಂದ ಬಳಕೆಯ ನೀರು ಅಷ್ಟೇ. ಬರಬರುತ್ತ ಹರಿವು ತುಂಡಾಗಿ ಮಡುಗಳು ಉಳಿಯುತ್ತವೆ. ಹೊಳೆಯ ಮೀನು, ಏಡಿ, ಆಮೆಗಳೆಲ್ಲ ಜೂನಿನ ಮಳೆಯವರೆಗೆ ಜೀವ ಹಿಡಿದುಕೊಳ್ಳಬೇಕಾಗಿರುವುದು ಆ ಮಡುಗಳಲ್ಲಿ. ಹಬ್ಬದ ದಿನ ಬಂದ ಅತಿಥಿಗೂ ಮನೆಯಲ್ಲಿ ಕಾಳು ಮುಗಿದಾಗ ಬಂದ ಅತಿಥಿಗೂ ವ್ಯತ್ಯಾಸವಿದೆ. ನಾವು ಎರಡನೆಯ ಬಗೆಯವರು. ಆದುದರಿಂದ ನಮ್ಮ ನಡತೆ ಅದಕ್ಕೆ ತಕ್ಕಂತಿರಬೇಕು.

ಮೊದಲನೆಯದು ಸಾಬೂನು. ಮಳೆಗಾಲದ ಪ್ರವಾಹದಲ್ಲಿ ಲೆಕ್ಕಕ್ಕೆ ಬಾರದ ಸಾಬೂನಿನ ನೊರೆ, ನಿಂತ ಮಡುವಿನಲ್ಲಿ ಮೀನಿನ ಕಿವಿರನ್ನು ಹಾಳುಮಾಡಬಲ್ಲದು. ಮೈ ತೊಳೆಯಬೇಕೆಂದರೆ ಕೊಡದಲ್ಲಿ ನೀರು ಎತ್ತಿಕೊಂಡು ದಂಡೆಯಿಂದ ದೂರ ಹೋಗಿ ತೊಳೆಯಿರಿ. ಪಾತ್ರೆಗೆ ಬೂದಿಯೇ ಸಾಕು, ಅದನ್ನೂ ನೆಲದ ಮೇಲೆಯೇ ತೊಳೆಯಬೇಕು. ಶೌಚಕ್ಕೆ ನೀರಿನಿಂದ ಕನಿಷ್ಠ 200 ಅಡಿ ದೂರ ಹೋಗಿ, ಗೇಣು ಆಳದ ಗುಂಡಿ ತೋಡಿ, ಮಣ್ಣು ಮುಚ್ಚಿ ಬರಬೇಕು. ಇದು ಹೇಳಲು ಸಂಕೋಚದ ಮಾತಾದರೂ ಕೆಳಗಿನ ಊರಿನಲ್ಲಿ ಕೊಡ ತುಂಬುವ ತಾಯಿಯ ಮೇಲಿನ ಗೌರವದ ಮಾತು. ಹೋಳಿಯ ಮರುದಿನ ರಾಸಾಯನಿಕ ಬಣ್ಣ ಮೆತ್ತಿಕೊಂಡ ಮೈಯನ್ನು ಹೊಳೆಯಲ್ಲಿ ತೊಳೆಯುವವರೂ, ದಂಡೆಯ ತುಂಬ ಶಾಂಪೂ ಪೊಟ್ಟಣ ಬಿಟ್ಟು ಬರುವವರೂ ಈ ಮಾತನ್ನು ನೆನೆಯಬೇಕು. ಮುತ್ತಲ ಹೂವಿನ ಓಕುಳಿಯಾಗಿದ್ದರೆ ಈ ಚಿಂತೆಯೇ ಇರಲಿಲ್ಲ.

ಎರಡನೆಯದು ಬೆಂಕಿ. ಹೋಳಿಯ ಮುಂಚಿನ ದಿನಗಳಲ್ಲಿ ಕುಳ್ಳು, ಕಟ್ಟಿಗೆ ಕದಿಯುವ ಹುಡುಗರ ಉತ್ಸಾಹ ಎಂಥದೆಂದು ಇಲ್ಲಿ ಕೂತ ಹಿರಿಯರಿಗೂ ನೆನಪಿರಬೇಕು, ಅವರೂ ಒಂದು ಕಾಲಕ್ಕೆ ಹುಡುಗರೇ. ಆದರೆ ಕಾಮನ ಬೆಂಕಿಗೆ ಊರ ನಡುವಿನ ಬಯಲಿದೆ, ಸುತ್ತ ಜನ ಇರುತ್ತಾರೆ. ಹೊಳೆದಂಡೆಯ ಒಣಹುಲ್ಲಿಗೆ, ಗುಡ್ಡದ ತೇಗದ ತರಗಿಗೆ ಬಿದ್ದ ಕಿಡಿಗೆ ಯಾರ ಕಾವಲೂ ಇರುವುದಿಲ್ಲ. ತಮಿಳುನಾಡಿನ ತೇನಿ ಜಿಲ್ಲೆಯ ಕುರಂಗಣಿಯಲ್ಲಿ 2018ರ ಮಾರ್ಚ್ 11ರಂದು ಗುಡ್ಡ ಸುತ್ತಲು ಹೋದ ಯುವಜನರು ಒಣಹುಲ್ಲಿನ ಬೆಂಕಿಗೆ ಸಿಲುಕಿದರು. 20ಕ್ಕೂ ಹೆಚ್ಚು ಮಂದಿ ಪ್ರಾಣ ಕಳೆದುಕೊಂಡರು. ನಮ್ಮದೇ ಬಂಡೀಪುರದಲ್ಲಿ 2019ರ ಫೆಬ್ರವರಿಯಲ್ಲಿ ಸಾವಿರಾರು ಎಕರೆ ಕಾಡು ಸುಟ್ಟಿತು. ಎರಡೂ ನಡೆದದ್ದು ಇದೇ ಕಾಲದಲ್ಲಿ.

ನೆಲಬೆಂಕಿಯಲ್ಲಿ ದೊಡ್ಡ ಮರ ಉಳಿದರೂ ಮೊಳಕೆ, ಸಸಿ, ನೆಲದ ಮೇಲಿಟ್ಟ ಮೊಟ್ಟೆ ಉಳಿಯುವುದಿಲ್ಲ. ಹೊದಿಕೆ ಸುಟ್ಟ ಗುಡ್ಡದ ಮಣ್ಣನ್ನು ಮೊದಲ ಮಳೆ ಕೊಚ್ಚಿ ತಂದು ಇದೇ ಹೊಳೆಗೆ ಸುರಿಯುತ್ತದೆ. ಆಗ ಮಡುಗಳು ಹೂಳಿನಿಂದ ತುಂಬುತ್ತವೆ. ಆದ್ದರಿಂದ ಒಲೆ ಒಂದೇ ಇರಲಿ. ಹುಲ್ಲು ಇಲ್ಲದ ಉಸುಕಿನ ಮೇಲೆ, ಮೂರು ಕಲ್ಲಿಟ್ಟು, ಪಕ್ಕದಲ್ಲಿ ಎರಡು ಕೊಡ ನೀರಿಟ್ಟು ಹೊತ್ತಿಸಿರಿ. ಮಲಗುವ ಮುಂಚೆ ನೀರು ಸುರಿದು, ಬೂದಿಯನ್ನು ಕೈಯಿಂದ ಮುಟ್ಟಿ ತಣ್ಣಗಾಗಿದೆಯೆಂದು ಖಾತ್ರಿ ಮಾಡಿಕೊಳ್ಳಿರಿ. ಇನ್ನೂ ಒಳ್ಳೆಯದೆಂದರೆ ಅಡಿಗೆಯನ್ನೇ ಕಡಿಮೆ ಮಾಡುವುದು. ಕಡಕ ರೊಟ್ಟಿ, ಶೇಂಗಾ ಚಟ್ನಿ, ಎಣ್ಣೆಗಾಯಿ ಪಲ್ಯ ಎರಡು ದಿನದ ಬೀಡಿಗೆಂದೇ ನಿಮ್ಮ ಅಜ್ಜಿಯಂದಿರು ಕಂಡುಹಿಡಿದಂತಿದೆ.

ಮೂರನೆಯದು ಸದ್ದು ಮತ್ತು ಹೆಜ್ಜೆ. ಟಿಟ್ಟಿಭ ಎಂಬ ಹಕ್ಕಿ ಗೂಡು ಕಟ್ಟುವುದಿಲ್ಲ. ಈ ತಿಂಗಳಿಂದ ಮುಂದಕ್ಕೆ ದಂಡೆಯ ಬರಿ ಕಲ್ಲುಗಳ ನಡುವೆಯೇ ಮೊಟ್ಟೆ ಇಡುತ್ತದೆ. ಮೊಟ್ಟೆಯ ಬಣ್ಣ ಕಲ್ಲಿನದೇ. ತಲೆಯ ಮೇಲೆ ಹಾರಾಡುತ್ತ ಅದು ಕಿರುಚಿದರೆ, ನಿಮ್ಮ ಹೆಜ್ಜೆ ಅದರ ಮನೆಯಂಗಳದಲ್ಲಿದೆ ಎಂದು ತಿಳಿದು ಬಂದ ಹಾದಿಯಲ್ಲೇ ಹಿಂದಿರುಗಿರಿ. ಧ್ವನಿವರ್ಧಕ ಒಯ್ಯುವುದು ಬೇಡ. ಎರಡು ರಾತ್ರಿ ಅದಿಲ್ಲದೆ ಕಳೆದರೆ ಇಷ್ಟು ದಿನ ಏನನ್ನು ಕೇಳಿಸಿಕೊಳ್ಳದೆ ಇದ್ದೆವು ಎಂಬುದು ನಿಮಗೇ ತಿಳಿಯುತ್ತದೆ. ಹೊಳೆಯಾಚೆಯ ಕಾಡಿಗೆ ಅರಣ್ಯ ಇಲಾಖೆಯ ಅನುಮತಿಯಿಲ್ಲದೆ ಕಾಲಿಡಬಾರದು. ದಾಂಡೇಲಿಯ ಕಡೆಯಿಂದ ಆನೆಗಳು ಈ ತಾಲ್ಲೂಕಿನ ಅಂಚಿಗೆ ಬರುವುದುಂಟು ಎಂಬುದು ನಿಮಗೆ ಹೊಸ ಸುದ್ದಿಯಲ್ಲ.

ಮುಂದೆ ಬೇರೆ ನದಿಗಳಿಗೆ ಹೋದಾಗ ಬೇಕಾಗುವ ಒಂದು ಎಚ್ಚರಿಕೆಯನ್ನೂ ಇಲ್ಲಿಯೇ ಹೇಳಿಬಿಡುತ್ತೇನೆ. ಕಾಳಿಯಂತಹ, ಮೇಲೆ ಅಣೆಕಟ್ಟು ಇರುವ ಹೊಳೆಗಳಲ್ಲಿ ಮಳೆ ಇಲ್ಲದ ದಿನವೂ ನೀರು ದಿಢೀರನೆ ಏರುತ್ತದೆ. ಸೂಪಾದಲ್ಲಿ ವಿದ್ಯುತ್ ತಯಾರಿಸಲು ನೀರು ಬಿಟ್ಟರೆ ಕೆಳಗೆ ಹರಿವು ಹೆಚ್ಚಿತೆಂದೇ ಲೆಕ್ಕ. ಅಂತಹ ಕಡೆ ನಡುಗಡ್ಡೆಯ ಉಸುಕಿನಲ್ಲಿ ಎಂದೂ ಮಲಗಬಾರದು.

ಹೊಳೆಯನ್ನು ಅಳೆಯುವುದು

ನಾಳೆ ನಿಮ್ಮ ಕೈಯಲ್ಲಿ ಒಂದು ವಹಿ, ಒಂದು ಅಳತೆಯ ಪಟ್ಟಿ, ಒಂದು ಗಡಿಯಾರ ಇರಲಿ. ಎರಡು ಕೆಲಸಗಳನ್ನು ನಿಮಗೆ ಒಪ್ಪಿಸುತ್ತೇನೆ.

ಒಂದು, ಹರಿವಿನ ಅಳತೆ. ಹೊಳೆ ನೇರವಾಗಿ ಹರಿಯುವ ಜಾಗದಲ್ಲಿ ಹತ್ತು ಮೀಟರ್ ದೂರಕ್ಕೆ ಎರಡು ಗೂಟ ನೆಡಿರಿ. ಮೇಲಿನ ಗೂಟದ ಬಳಿ ಒಣ ಎಲೆಯೊಂದನ್ನು ನೀರಿಗೆ ಬಿಟ್ಟು, ಕೆಳಗಿನ ಗೂಟ ಮುಟ್ಟಲು ಎಷ್ಟು ಸೆಕೆಂಡು ಬೇಕಾಯಿತೆಂದು ಬರೆದುಕೊಳ್ಳಿರಿ. ನೀರಿನ ಅಗಲವನ್ನೂ, ನಾಲ್ಕೈದು ಕಡೆ ಆಳವನ್ನೂ ಅಳೆದು ಸರಾಸರಿ ತೆಗೆಯಿರಿ. ಉದಾಹರಣೆಗೆ ಅಗಲ 3 ಮೀಟರ್, ಆಳ 20 ಸೆಂಟಿಮೀಟರ್, ಎಲೆಗೆ ಬೇಕಾದ ಸಮಯ 40 ಸೆಕೆಂಡು ಎಂದುಕೊಳ್ಳೋಣ. ಸೆಕೆಂಡಿಗೆ ಕಾಲು ಮೀಟರ್ ವೇಗವಾಯಿತು. ಗುಣಿಸಿದರೆ ಸೆಕೆಂಡಿಗೆ 150 ಲೀಟರ್. ಮೇಲಿನ ನೀರು ತಳದ ನೀರಿಗಿಂತ ಜೋರಾಗಿ ಓಡುವುದರಿಂದ ಐದರಲ್ಲಿ ಒಂದು ಪಾಲು ಕಳೆದರೆ 120 ಲೀಟರ್ ಉಳಿಯಿತು. ದಿನಕ್ಕೆ ಅದು ಒಂದು ಕೋಟಿ ಲೀಟರಿಗಿಂತ ಸ್ವಲ್ಪ ಹೆಚ್ಚು. ಇಷ್ಟು ಲೆಕ್ಕಕ್ಕೆ ಏಳನೆಯ ತರಗತಿಯ ಗಣಿತ ಸಾಕು. ಇದನ್ನೇ ಪ್ರತಿ ತಿಂಗಳು ಒಂದೇ ಜಾಗದಲ್ಲಿ ಮಾಡಿ, ಹರಿವು ಯಾವ ದಿನ ನಿಂತಿತು, ಯಾವ ದಿನ ಮರಳಿ ಶುರುವಾಯಿತು ಎಂದು ಬರೆದಿಟ್ಟರೆ ಐದು ವರ್ಷದಲ್ಲಿ ಅದೊಂದು ಆಸ್ತಿಯಾಗುತ್ತದೆ.

ಎರಡು, ನೀರಿನ ಆರೋಗ್ಯ. ಹರಿವಿನಲ್ಲಿರುವ ಕಲ್ಲನ್ನು ಮೆಲ್ಲಗೆ ಎತ್ತಿ ಅಡಿಭಾಗ ನೋಡಿರಿ. ಬಾಲದಲ್ಲಿ ಮೂರು ಎಳೆಗಳಿರುವ ಚಪ್ಪಟೆ ಮರಿಹುಳುಗಳು ಹೇರಳವಾಗಿ ಕಂಡರೆ ನೀರಿನಲ್ಲಿ ಉಸಿರಿದೆ ಎಂದರ್ಥ. ಅವು ಮೇಫ್ಲೈ ಎಂಬ ಕೀಟದ ಮರಿಗಳು. ಅವಕ್ಕೆ ಕೊಳಕು ನೀರು ಆಗಿಬರುವುದಿಲ್ಲ. ಅವೊಂದೂ ಇಲ್ಲದೆ ಕೆಸರಿನಲ್ಲಿ ಕೆಂಪು ದಾರದ ತುಂಡಿನಂತಹ ಹುಳುಗಳೇ ತುಂಬಿದ್ದರೆ ಮೇಲಿನಿಂದ ಕೊಳಚೆ ಬರುತ್ತಿದೆ ಎಂದು ತಿಳಿಯಬೇಕು. ನೋಡಿದ ಮೇಲೆ ಕಲ್ಲನ್ನು ಇದ್ದ ಹಾಗೆಯೇ ಇಡಿರಿ, ಅದು ಅವುಗಳ ಮನೆಯ ಮಾಡು.

ಕೊಳಚೆಯ ಮಾತು ಬಂದದ್ದರಿಂದ ಹೇಳುತ್ತೇನೆ. ಹೊಳೆಯ ಮೇಲಿನ ತುದಿಯಲ್ಲಿ ದೊಡ್ಡ ಅವಳಿನಗರವಿದೆ. ಹುಬ್ಬಳ್ಳಿಯ ನಾಲೆಯ ಬದಿಯ ಬಿಡನಾಳ, ಕಟನೂರು, ಮಾವನೂರುಗಳ ರೈತರು ನಗರದ ಬಳಕೆ ನೀರನ್ನೇ ಎತ್ತಿ ಬೆಳೆ ತೆಗೆಯುತ್ತಿದ್ದುದನ್ನು 2000ದ ದಶಕದ ಆರಂಭದಲ್ಲಿ ಧಾರವಾಡದ ಕೃಷಿ ವಿಜ್ಞಾನಿಗಳು ಅಧ್ಯಯನ ಮಾಡಿದ್ದರು. ಅದೇ ನಗರಕ್ಕೆ ಕುಡಿಯುವ ನೀರು ಕೊಡಲು ಬೇಡ್ತಿಗೆ ಅಡ್ಡಲಾಗಿ 1955ರಲ್ಲಿ ನೀರಸಾಗರ ಕಟ್ಟಲಾಯಿತು. ಬರಗಾಲದ ವರ್ಷಗಳಲ್ಲಿ ಆ ಜಲಾಶಯ ತಳ ಕಂಡದ್ದುಂಟು. ಆಗ ನಗರ ದೂರದ ಮಲಪ್ರಭೆಯನ್ನೇ ನೆಚ್ಚಬೇಕಾಯಿತು. ಒಳ್ಳೆಯ ನೀರನ್ನು ಹಳ್ಳಿಯಿಂದ ಒಯ್ದು ಕೆಟ್ಟ ನೀರನ್ನು ಹಳ್ಳಿಗೆ ಬಿಡುವ ಈ ವ್ಯವಹಾರ ಸರಿಯೇ ಎಂದು ಕೇಳುವ ಹಕ್ಕು ದಂಡೆಯವರಾದ ನಿಮಗಿದೆ. ಆದರೆ ಕೇಳುವಾಗ ಕೈಯಲ್ಲಿ ಆ ವಹಿ ಇರಬೇಕು.

ಕಂಡವರ ಸಾಕ್ಷಿ

ವಹಿಗೆ ನಾನು ಇಷ್ಟು ಒತ್ತು ಕೊಡುವುದಕ್ಕೆ ಕಾರಣವಿದೆ. ಇದೇ ಬೇಡ್ತಿಗೆ ನಮ್ಮ ಕಣಿವೆಯಲ್ಲಿ ದೊಡ್ಡ ಅಣೆಕಟ್ಟು ಕಟ್ಟಿ ವಿದ್ಯುತ್ ತೆಗೆಯುವ ಯೋಜನೆ 1970ರ ದಶಕದ ಕೊನೆಗೆ ಸಿದ್ಧವಾಗಿತ್ತು. ಅಡಿಕೆ, ಯಾಲಕ್ಕಿ, ಮೆಣಸಿನ ತೋಟಗಳೂ ದಟ್ಟ ಕಾಡೂ ಮುಳುಗುವುದರಲ್ಲಿದ್ದವು. ನಮ್ಮ ಹಿರಿಯರು ಬರಿಯ ಘೋಷಣೆ ಕೂಗಲಿಲ್ಲ. 1981ರ ಜನವರಿಯಲ್ಲಿ ಶಿರಸಿಯಲ್ಲಿ ವಿಚಾರಸಂಕಿರಣ ಕರೆದರು. ತೋಟಿಗರೂ ವಿಜ್ಞಾನಿಗಳೂ ಒಂದೇ ಕಡೆ ಕೂತು ಯೋಜನೆಯ ಲಾಭನಷ್ಟಗಳನ್ನು ಸಾಲುಸಾಲಾಗಿ ಲೆಕ್ಕಹಾಕಿದರು. ಮುಳುಗುವ ಕಾಡಿನ, ತೋಟದ, ಸೊಪ್ಪಿನ ಬೆಲೆಯನ್ನು ಸರ್ಕಾರದ ಲೆಕ್ಕದಲ್ಲಿ ಹಿಡಿದೇ ಇರಲಿಲ್ಲ ಎಂಬುದು ಹೊರಬಿತ್ತು. ಯೋಜನೆ ನಿಂತಿತು. ಎರಡು ವರ್ಷಗಳ ಬಳಿಕ, 1983ರ ಸೆಪ್ಟೆಂಬರ್ 8ರಂದು, ಸಾಲ್ಕಣಿ ಸುತ್ತಿನ ಗ್ರಾಮಸ್ಥರು ಮರಗಳನ್ನು ತಬ್ಬಿ ನಿಂತು ಅಪ್ಪಿಕೋ ಚಳವಳಿಯನ್ನು ಆರಂಭಿಸಿದರು. 2011ರಲ್ಲಿ ಕಣಿವೆಯ ಕಾಡಿನ ಒಂದು ಭಾಗ ಬೇಡ್ತಿ ಸಂರಕ್ಷಣಾ ಮೀಸಲು ಪ್ರದೇಶವೆಂದು ಘೋಷಿತವಾಯಿತು.

ಆ ಹಿರಿಯರ ಶಕ್ತಿ ಎಲ್ಲಿತ್ತು? ಅವರು ಕಾಡಿನೊಳಗೆ ಹೋಗಿದ್ದರು, ಮರ ಎಣಿಸಿದ್ದರು, ಹಳ್ಳ ಯಾವ ತಿಂಗಳಲ್ಲಿ ಎಷ್ಟು ಹರಿಯುತ್ತದೆಂದು ಕಂಡಿದ್ದರು. ಕಣ್ಣಾರೆ ಕಂಡವನ ಮಾತಿಗೆ ಪಂಚಾಯ್ತಿಯಲ್ಲಿ ಬೆಲೆ ಬರುತ್ತದೆ. ಕಾಣದವನು ಎಷ್ಟೇ ಜೋರಾಗಿ ಕೂಗಿದರೂ ಅದು ಸಾಕ್ಷಿಯಾಗುವುದಿಲ್ಲ.

ಈಗ ಬೇಡ್ತಿ ಕಣಿವೆಯ ನೀರನ್ನು ವರದಾ ನದಿಗೆ ಎತ್ತಿ ಹರಿಸುವ ಪ್ರಸ್ತಾವ ಮತ್ತೆ ಮುಂದೆ ಬಂದಿದೆ. ಗುಡ್ಡದವರಾದ ನಾವು ಅದನ್ನು ವಿರೋಧಿಸುತ್ತಿದ್ದೇವೆ. ಇಲ್ಲಿ ಕೂತವರಲ್ಲಿ ಕೆಲವರಿಗೆ ನಮ್ಮ ವಿರೋಧ ಸ್ವಾರ್ಥವೆನಿಸಬಹುದೆಂದು ನಾನು ಬಲ್ಲೆ. ನಿಮ್ಮದೇ ಜಿಲ್ಲೆಯ ನವಲಗುಂದದ ರೈತರು ಮಹದಾಯಿಯ ನೀರಿಗಾಗಿ 2015ರಿಂದ ವರ್ಷಗಟ್ಟಲೆ ಧರಣಿ ಕೂತದ್ದನ್ನು ನಾವು ಗೌರವದಿಂದಲೇ ನೋಡಿದ್ದೇವೆ. ಬಾಯಾರಿದವನ ಎದುರು ಕಾಡಿನ ಸೊಬಗನ್ನು ವರ್ಣಿಸುವುದು ಒರಟುತನ. ಆದ್ದರಿಂದ ನಾನು ನಿಮ್ಮಿಂದ ಒಪ್ಪಿಗೆ ಕೇಳುತ್ತಿಲ್ಲ. ಬೇಡ್ತಿಯಲ್ಲಿ ಹೆಚ್ಚುವರಿ ನೀರು ಇದೆಯೇ ಇಲ್ಲವೇ ಎಂಬುದನ್ನು ಮಳೆಗಾಲದ ಪ್ರವಾಹ ನೋಡಿ ತೀರ್ಮಾನಿಸಬೇಡಿರಿ, ಇಂತಹ ಮಾಘ, ಫಾಲ್ಗುಣದಲ್ಲಿ ಹೊಳೆಯ ಪಕ್ಕ ಕೂತು ನೋಡಿರಿ ಎಂದು ಕೇಳುತ್ತಿದ್ದೇನೆ. ಸಮುದ್ರ ಸೇರುವ ನೀರು ವ್ಯರ್ಥವೆನ್ನುವವರು ಗಂಗಾವಳಿಯ ಅಳಿವೆಗೆ ಬಂದು ನೋಡಬೇಕು. ಸಿಹಿನೀರಿನ ಒತ್ತು ಕಡಿಮೆಯಾದರೆ ಉಪ್ಪುನೀರು ಹೊಳೆಯೊಳಗೆ ಏರಿ ಬಾವಿಗಳಿಗೂ ಹೊಲಗಳಿಗೂ ನುಗ್ಗುತ್ತದೆ, ಮೀನುಗಾರರ ಬದುಕು ಕೆಡುತ್ತದೆ. ನೋಡಿ, ಅಳೆದು, ಆಮೇಲೆ ನೀವು ಏನು ಹೇಳಿದರೂ ನಾವು ಕೂತು ಕೇಳುತ್ತೇವೆ. ಆಗ ಮೇಲ್ದಂಡೆ, ಕೆಳದಂಡೆಗಳ ನಡುವೆ ಜಗಳವಲ್ಲ, ಮಾತುಕತೆ ನಡೆಯುತ್ತದೆ.

ಕೊನೆಯ ಮಾತು

ವಿದ್ಯಾರ್ಥಿ ಮಿತ್ರರೇ, ನಾಳಿದ್ದು ಸಂಜೆ ನೀವು ಬಿಡಾರ ಎತ್ತುವಾಗ ಒಮ್ಮೆ ಹಿಂದಿರುಗಿ ನೋಡಿರಿ. ಒಲೆಯ ಕಲ್ಲುಗಳು ಮೊದಲಿದ್ದ ಜಾಗಕ್ಕೆ ಹೋಗಿರಬೇಕು. ಬೂದಿ ಹೊಲದ ಮಣ್ಣಿನಲ್ಲಿ ಕಲೆತಿರಬೇಕು. ನೀವು ತಂದದ್ದು ಮಾತ್ರವಲ್ಲ, ನಿಮಗಿಂತ ಮುಂಚೆ ಬಂದವರು ಬಿಟ್ಟುಹೋದ ಪ್ಲಾಸ್ಟಿಕ್ಕೂ ನಿಮ್ಮ ಚೀಲದಲ್ಲಿರಬೇಕು. ಹೊಲದ ಯಜಮಾನರು ಮುಂದಿನ ವರ್ಷವೂ ನಿಮ್ಮನ್ನು ಕುರಿಗಾರರನ್ನು ಕರೆಯುವಂತೆ ತಾವಾಗಿ ಕರೆದರೆ ಈ ಶಿಬಿರ ಗೆದ್ದಂತೆ.

ಹಿರಿಯರಲ್ಲಿ ಒಂದು ವಿನಂತಿ. ಈ ಮಕ್ಕಳು ವಹಿ ಹಿಡಿದು ನಿಮ್ಮ ಮನೆಗೆ ಬಂದು, ನೀವು ಚಿಕ್ಕವರಿದ್ದಾಗ ಹೊಳೆ ಯಾವ ತಿಂಗಳವರೆಗೆ ಹರಿಯುತ್ತಿತ್ತು, ಯಾವ ಮಡುವಿನಲ್ಲಿ ಎಂತಹ ಮೀನಿದ್ದವು, ಎಲ್ಲಿ ಈಜು ಕಲಿತಿರಿ ಎಂದು ಕೇಳುತ್ತಾರೆ. ಕೆಲಸವಿದೆ ಎಂದು ಕಳಿಸಬೇಡಿರಿ. ನಿಮ್ಮ ನೆನಪು ಆ ವಹಿಯ ಮೊದಲ ಪುಟವಾಗಬೇಕಾಗಿದೆ.

ನೀವು ಇಲ್ಲಿ ನಾಳೆ ತೇಲಿಬಿಡುವ ಒಣ ಎಲೆ ಮಾಗೋಡಿನವರೆಗೆ ಬರಲಾರದು, ಯಾವುದೋ ಮಡುವಿನ ಅಂಚಿಗೆ ನಿಂತುಬಿಡುತ್ತದೆ. ನೀರು ಮಾತ್ರ, ಮೆಲ್ಲಗಾದರೂ, ನಮ್ಮೂರಿನ ಕಡೆಗೇ ಬರುತ್ತದೆ. ನಾವು ಅದರ ದಾರಿ ಕಾಯುತ್ತಿರುತ್ತೇವೆ. ಮಳೆಗಾಲ ಮುಗಿದ ಮೇಲೆ ನೀವೆಲ್ಲ ನಮ್ಮ ಕಡೆಗೆ ಬನ್ನಿರಿ. ನಿಮ್ಮ ಹೊಳೆ ಕಾಡನ್ನು ಹೊಕ್ಕು ಎಂತಹ ಎತ್ತರದಿಂದ ಧುಮುಕುತ್ತದೆಂದು ತೋರಿಸುತ್ತೇವೆ. ನಿಮ್ಮ ವಹಿಯನ್ನು ತಪ್ಪದೆ ತನ್ನಿರಿ, ನಮ್ಮದನ್ನೂ ನಾವು ತೆಗೆದಿಟ್ಟಿರುತ್ತೇವೆ.